ಫೈನಲ್‌ನಲ್ಲಿ ಮುಚ್ಚಿದ ಕಣ್ಣು

"ಈ ಫೈನಲ್ ಮುಗಿಯುವಷ್ಟರಲ್ಲಿ ಆ ಚೆಂಡು ನನ್ನದಾಗದಿದ್ದರೆ ನನ್ನ ಹೆಸರೇ ಬದಲಾಯಿಸಿ!" ಎಂದು ಎದೆ ತಟ್ಟಿ ಘೋಷಿಸಿದ್ದೆ.

ಅದೇನು ಸಾಮಾನ್ಯ ಚೆಂಡೇ? ನಮ್ಮ ಬಾಸ್ಕೆಟ್‌ಬಾಲ್ ತಂಡ ಮೊದಲ ಸಲ ಕಪ್ ಗೆದ್ದಾಗ ಆಟಗಾರರೆಲ್ಲ ಸಹಿ ಹಾಕಿ ಮಾವನವರ ಕೈಗೆ ಕೊಟ್ಟದ್ದು! ನಿಜವಾದ ಅಭಿಮಾನಿಗೆ ಇವತ್ತೇ ಕೊಡುತ್ತೇನೆಂದು ಮಾವ ಅದನ್ನು ಹೊತ್ತುಕೊಂಡು ನಮ್ಮ ಮನೆಗೆ ಮ್ಯಾಚ್ ನೋಡಲು ಬಂದಿದ್ದರು. ನಿಜವಾದ ಅಭಿಮಾನಿ ನಾನೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ನನ್ನ ಭಾವಮೈದನಿಗೆ. ಹಲ್ಲಿನ ಡಾಕ್ಟರು. ತೊಟ್ಟಿಲಲ್ಲೇ ಟೀಮಿನ ಟೋಪಿ ಹಾಕಿಕೊಂಡಿದ್ದನಂತೆ. ಈಗ ಊರಿಗೆಲ್ಲ ಹಾಕುತ್ತಿದ್ದಾನೆ!

ನಮ್ಮಿಬ್ಬರದೂ ಒಂದೇ ವ್ರತ. ಎದುರಾಳಿ ತಪ್ಪು ಮಾಡಿ ನಮಗೆ ಫ್ರೀ ಥ್ರೋ ಸಿಕ್ಕಾಗ, ಅಂದರೆ ನಮ್ಮವನು ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಚೆಂಡು ಎಸೆಯುವಾಗ, ನಾವು ನೋಡಬಾರದು. ನೋಡಿದೆವೋ, ಚೆಂಡು ಹೊರಗೆ! ಕನ್ನಡಕದಂಗಡಿಯಲ್ಲಿ ಊರವರ ಕಣ್ಣೆಲ್ಲ ಪರೀಕ್ಷಿಸುವವನು ನಾನು. ನನ್ನ ಕಣ್ಣಿನ ಶಕ್ತಿ ನನಗೆ ಗೊತ್ತಿಲ್ಲವೇ? ಕಾಮೆಂಟರಿಯೂ ಅಪಶಕುನವೆಂದು ಟಿವಿಯ ಬಾಯಿಯನ್ನೂ ಮುಚ್ಚಿಸಿದ್ದೆವು.

ಕೊನೆಯ ಗಳಿಗೆ. ಎರಡೂ ತಂಡ ಸಮಸಮ. ನಮಗೆ ಫ್ರೀ ಥ್ರೋ!

"ಮೊದಲು ಕಣ್ಣು ಬಿಟ್ಟವರಿಗೆ ಚೆಂಡಿಲ್ಲ, ಭಾವ!" ಎಂದ ಭಾವಮೈದ.

"ಆಗ್ಲಯ್ಯಾ, ನೋಡೇಬಿಡೋಣ!" ಎಂದು ಕಣ್ಣು ಮುಚ್ಚಿದೆ. ಅವನೂ ಮುಚ್ಚಿದ.

"ಮಾವ, ಎಸೆದನಾ?"

"ಇಲ್ಲಪ್ಪ, ಚೆಂಡು ಕುಟ್ತಾ ಇದ್ದಾನೆ."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಬೆವರು ಒರೆಸಿಕೊಳ್ತಾ ಇದ್ದಾನೆ."

ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅಷ್ಟರಲ್ಲಿ ಕರೆಗಂಟೆ!

"ರೀ, ಇಸ್ತ್ರಿಯವನು ಬಂದಿರಬೇಕು, ಹೋಗಿ ನೋಡಿ."

"ನೋಡೋ ಹಾಗಿದ್ರೆ ಇಲ್ಲೇ ನೋಡ್ತಿರಲಿಲ್ವೇನೇ!"

ಗೋಡೆ ತಡವುತ್ತ ಹೊರಟೆ. ಭಾವಮೈದ ಹಿಂದಿನಿಂದ ನನ್ನ ಅಂಗಿ ಹಿಡಿದ. "ಅಲ್ಲಿ ಹೋಗಿ ಕಣ್ಣು ಬಿಡೋ ಪ್ಲಾನಾ ಭಾವ? ನಾನೂ ಬರ್ತೀನಿ!" ಚಪ್ಪಲಿ ಸ್ಟ್ಯಾಂಡನ್ನು ಧರಾಶಾಯಿ ಮಾಡಿ ಇಬ್ಬರೂ ಬಾಗಿಲಾಚೆ ಅಪಾರ್ಟ್‌ಮೆಂಟಿನ ಕಾರಿಡಾರಿಗೆ ಬಂದೆವು. ಇಸ್ತ್ರಿಯವನು ಗದ್ದದೆತ್ತರಕ್ಕೆ ಬಟ್ಟೆ ಹೇರಿ ಹೋದ. ನಾನೊಂದು ಕಡೆ ತಿರುಗಿದೆ, ಅಂಗಿ ಹಿಡಿದವನು ಇನ್ನೊಂದು ಕಡೆ ಎಳೆದ. ಅಂತೂ ತೆರೆದ ಬಾಗಿಲು ಸಿಕ್ಕಿತು, ಸೋಫಾ ಸಿಕ್ಕಿತು. ಉಸ್ಸೆಂದು ಕೂತೆವು. ನಮ್ಮ ಸೋಫಾ ಇಷ್ಟು ಮೆತ್ತಗಿದೆ ಎಂದು ಗೊತ್ತೇ ಇರಲಿಲ್ಲ!

"ಎಸೆದನಾ ಮಾವ?"

"ಯಾರ್ರೀ ಎಸೆದಿದ್ದು? ಏನು ಎಸೆದ್ರು?"

ಕಣ್ಣು ತಾವಾಗಿಯೇ ಬಿಟ್ಟುಕೊಂಡವು. ಎದುರುಮನೆ! ನಿವೃತ್ತ ಹೆಡ್‌ಮಿಸ್ಸು ಛತ್ರಿ ಎತ್ತಿ ನಿಂತಿದ್ದರು.

"ನೀನೇ ಮೊದಲು ಬಿಟ್ಟಿದ್ದು!"

"ನೀವೇ ಭಾವ!"

"ಇಬ್ರೂ ಮೊದಲು ಜಾಗ ಬಿಡಿ!" ಎಂದಿತು ಛತ್ರಿ.

ಓಡಿಬಂದು ನೋಡಿದರೆ ಟಿವಿಯಲ್ಲಿ ನಮ್ಮವರು ಕಪ್ ಎತ್ತಿ ಕುಣಿಯುತ್ತಿದ್ದಾರೆ. ಸಹಿಯ ಚೆಂಡು ನನ್ನ ಹೆಂಡತಿಯ ಮಡಿಲಲ್ಲಿದೆ!

"ಮಾವ! ನಿಜವಾದ ಅಭಿಮಾನಿಗೆ ಅಂದಿದ್ರಲ್ಲ?"

"ಅದಕ್ಕೇ ಅವಳಿಗೆ ಕೊಟ್ಟೆ. ನಮ್ಮ ತಂಡ ಗೆದ್ದಿದ್ದನ್ನ ನಿಮ್ಮ ಮೂರು ಜನರಲ್ಲಿ ಕಣ್ಣಾರೆ ನೋಡಿದವಳು ಅವಳೊಬ್ಬಳೇ ಕಣಪ್ಪ."

ಭಾವಮೈದ ತನ್ನ ಹಲ್ಲನ್ನೇ ಕಿತ್ತುಕೊಂಡವನಂತೆ ಕೂತ. ನನಗೂ ನಿಜವಾಗಿ ಹೊಟ್ಟೆ ಉರಿಯಿತು. ಆದರೂ ಆಸೆ ತಡೆಯಲಾಗದೆ, "ಹೋಗ್ಲಿ, ಆ ಕೊನೇ ಚೆಂಡು ಹೇಗೆ ಬಿತ್ತು ಅಂತಾದ್ರೂ ಹೇಳೇ" ಎಂದು ಗೋಗರೆದೆ.

"ಹೇಳ್ತೀನಿ. ಇಬ್ರೂ ಮೊದಲು ಕಣ್ಣು ಮುಚ್ಕೊಳ್ಳಿ!"

ಮುಚ್ಚಿಕೊಂಡೆವು!