ತಿಥಿಯ ಹುಳಿಗೆ ಸಿಗಾರಿನ ಪಾಠ

ಕಣ್ಣು ಮಂಜಾದರೆ ಕನ್ನಡಕ ಇದೆ, ಕಿವಿ ಮಂದವಾದರೆ ಅದಕ್ಕೂ ಒಂದು ಯಂತ್ರ ಸಿಗುತ್ತದೆ, ಹಲ್ಲು ಉದುರಿದರೆ ಹೊಸದು ಕಟ್ಟಿಸಿಕೊಳ್ಳಬಹುದು. ಮೂಗಿಗೆ ಮಾತ್ರ ಯಾವ ವ್ಯವಸ್ಥೆಯೂ ಇಲ್ಲ. ‘ಮೂಗು ಹೋಯಿತು’ ಎಂದರೆ ಜನ ನಿಮ್ಮ ಮುಖ ನೋಡಿ, ‘ಅಲ್ಲೇ ಇದೆಯಲ್ಲ ಮಾರಾಯ್ರೇ’ ಎನ್ನುತ್ತಾರೆ. ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದ ಆ ಜ್ವರದ ಕಾಲದಲ್ಲಿ ನನಗೆ ವಾಸನೆ ತಿಳಿಯುವುದು ನಿಂತಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ಮರಳಿ ಬರಲಿಲ್ಲ. ಸಂಪಿಗೆಯೂ ಒಂದೇ, ಫಿನಾಯಿಲೂ ಒಂದೇ ಎಂಬ ಸ್ಥಿತಪ್ರಜ್ಞನ ಸ್ಥಿತಿ. ವೇದಾಂತಿಗಳು ತಪಸ್ಸು ಮಾಡಿ ಗಳಿಸುವುದನ್ನು ನಾನು ಮಾತ್ರೆ ನುಂಗಿ ಗಳಿಸಿದೆ. ಆದರೆ ಅದರಿಂದ ಮನೆಯಲ್ಲಿ ನನ್ನ ಗೌರವವೇನೂ ಹೆಚ್ಚಲಿಲ್ಲ. ಎದುರಿಗೇ ಹಾಲು ಸೀದು ತಳ ಹಿಡಿಯುತ್ತಿದ್ದರೂ ಪೇಪರು ಓದುತ್ತ ಕೂತಿದ್ದೆನೆಂದು ನನ್ನ ಹೆಂಡತಿ ಸಾವಿತ್ರಿ ಊರಿಡೀ ಹೇಳಿಕೊಂಡು ಬಂದಳು.

ಬೇರೆಯವರ ಮೂಗಾಗಿದ್ದರೆ ಹೋಗಲಿ ಬಿಡಿ ಎನ್ನಬಹುದಿತ್ತು. ನನ್ನದು ಅಂತಿಂಥ ಮೂಗಲ್ಲ, ಪಿತ್ರಾರ್ಜಿತ. ನರಸಿಂಹರಾಜಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಾಗ, ಶೌಚಾಲಯದ ಹಿಂದೆ ಬೀಡಿ ಎಳೆದು, ಪೇರಲೆ ಎಲೆ ಅಗಿದು ಬಂದ ಹುಡುಗನನ್ನು ನಾನು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಎಬ್ಬಿಸಿ ನಿಲ್ಲಿಸುತ್ತಿದ್ದೆ. ಪ್ರಮೇಯಗಳಿಗೆ ಹೆದರದ ಮಕ್ಕಳು ನನ್ನ ಮೂಗಿಗೆ ಹೆದರುತ್ತಿದ್ದರು. ಈ ಆಸ್ತಿ ಬಂದದ್ದು ಅಪ್ಪಯ್ಯನಿಂದ. ಅಪ್ಪಯ್ಯ ಶೃಂಗೇರಿ ಸುತ್ತಮುತ್ತಲಿನ ಮದುವೆ, ಮುಂಜಿಗಳ ಅಡುಗೆಭಟ್ಟ. ದೇವರಿಗೆ ನೈವೇದ್ಯವಾಗುವ ಮೊದಲು ಮಡಿ ಅಡುಗೆಯನ್ನು ಬಾಯಿಗೆ ಹಾಕಿ ನೋಡುವಂತಿಲ್ಲ, ಎಂಜಲಾಗುತ್ತದೆ. ಹಾಗಾದರೆ ಐನೂರು ಜನರ ಹುಳಿಗೆ ಉಪ್ಪು ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ಅಪ್ಪಯ್ಯ ಕೊಪ್ಪರಿಗೆಯ ಪಕ್ಕ ನಿಂತು, ಕಣ್ಣು ಮುಚ್ಚಿ, ಏಳುವ ಹಬೆಯನ್ನು ಒಮ್ಮೆ ದೀರ್ಘವಾಗಿ ಎಳೆದುಕೊಂಡು, ‘ಹ್ಞಾ, ಸರಿ ಇದೆ’ ಎನ್ನುತ್ತಿದ್ದ. ಅಲ್ಲಿಯವರೆಗೆ ಉಸಿರು ಬಿಗಿಹಿಡಿದಿದ್ದ ಮದುವೆಮನೆಯ ಯಜಮಾನರು ಉಸಿರು ಬಿಡುತ್ತಿದ್ದರು. ಅಪರೂಪಕ್ಕೊಮ್ಮೆ ‘ಸ್ವಲ್ಪ ಕಡಿಮೆ’ ಎಂದು ಒಂದು ಚಿಟಿಕೆ ಹಾಕುವುದೂ ಇತ್ತು. ಪಂಕ್ತಿಯಲ್ಲಿ ಒಬ್ಬರಾದರೂ ಉಪ್ಪು ಕೇಳಿದ್ದನ್ನು ನಾನು ಕಂಡಿಲ್ಲ. ಸೋಜಿಗವೆಂದರೆ ಅಪ್ಪಯ್ಯನಿಗೆ ನಶ್ಯದ ಚಟ. ಒಲೆಯ ಕೆಲಸ ಮುಗಿದ ಮೇಲೆ ಹಿತ್ತಲಿಗೆ ಹೋಗಿ, ಹಿತ್ತಾಳೆ ಡಬ್ಬಿಯ ಮುಚ್ಚಳವನ್ನು ಎರಡು ಸಲ ತಟ್ಟಿ, ಒಂದು ಚಿಟಿಕೆ ಏರಿಸಿ ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದ. ಆ ಘಾಟು ಅವನ ಅಂಗವಸ್ತ್ರದಲ್ಲಿ, ಮೀಸೆಯಲ್ಲಿ, ನನ್ನ ತಲೆ ಸವರುವ ಬೆರಳುಗಳಲ್ಲಿ ಸದಾ ಇರುತ್ತಿತ್ತು. ಶಾಲೆ ಬಿಟ್ಟು ಬರುವಾಗ ಅಂಗಳದಲ್ಲಿ ಆ ಘಾಟು ಸಿಕ್ಕಿದರೆ ನನಗೆ ಖುಷಿಯೋ ಖುಷಿ. ಅಪ್ಪಯ್ಯ ಮನೆಯಲ್ಲಿದ್ದಾನೆ, ಚೀಲದಲ್ಲಿ ಮದುವೆಮನೆಯ ಲಾಡು ಇದೆ ಎಂದು ಅರ್ಥ.

ಅಪ್ಪಯ್ಯ ಹೋದಮೇಲೆ ಪ್ರತಿ ವರ್ಷ ಕೊಪ್ಪದ ನಮ್ಮ ಮನೆಯಲ್ಲಿ ಅವನ ತಿಥಿ ಮಾಡುತ್ತೇನೆ. ತಿಥಿ ಅಡುಗೆಯನ್ನಂತೂ ಯಾರೂ ರುಚಿ ನೋಡುವಂತಿಲ್ಲ. ಸಾವಿತ್ರಿ ಅಡುಗೆ ಮುಗಿಸಿ ಕರೆಯುತ್ತಾಳೆ, ನಾನು ಒದ್ದೆ ಪಂಚೆಯುಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಬೆ ಎಳೆದುಕೊಂಡು, ‘ಹ್ಞಾ, ಸರಿ ಇದೆ’ ಎನ್ನುತ್ತೇನೆ. ಮಂತ್ರಗಳನ್ನೆಲ್ಲ ಪುರೋಹಿತರು ಹೇಳಿಸಿದರೂ ಅಪ್ಪಯ್ಯನಿಗೆ ನಾನು ನಿಜವಾಗಿ ಮಾಡುವ ತಿಥಿ ಎಂದರೆ ಇದೊಂದೇ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಮೂಗು ಹೋದಮೇಲೆ ಮೊದಮೊದಲು ಸುಮ್ಮನೆ ತಲೆಯಾಡಿಸಿ ಪಾರಾದೆ. ಹೋದ ವರ್ಷ, ಯಾವಾಗಲೂ ಸರಿ ಇದೆ ಎನ್ನುತ್ತಿದ್ದರೆ ಮೂಗಿಲ್ಲದ್ದು ಎದ್ದು ಕಂಡೀತು ಎಂದುಕೊಂಡು, ಅಪ್ಪಯ್ಯನ ಗತ್ತಿನಲ್ಲೇ ‘ಸ್ವಲ್ಪ ಕಡಿಮೆ’ ಎಂದೆ. ಸಾವಿತ್ರಿ ನನ್ನ ಮುಖ ನೋಡಿದಳು, ಉಪ್ಪು ಹಾಕಿದಳು. ತಿಥಿ ಊಟವನ್ನು ದೂರಬಾರದೆಂಬ ನಿಯಮವಿದೆ ನೋಡಿ, ಬ್ರಾಹ್ಮಣಾರ್ಥಕ್ಕೆ ಕೂತ ಭಟ್ಟರು ತುಟಿ ಪಿಟಕ್ಕೆನ್ನದೆ ಆ ಹುಳಿಯನ್ನು ಉಂಡರು. ನಡುನಡುವೆ ನೀರು ಕುಡಿದರು. ಹೋಗುವಾಗ ಬೇಲಿಯ ದಣಪೆ ಸರಿಸಿ ನಿಂತು, ‘ನಿಮ್ಮಲ್ಲಿ ಬಾವಿ ನೀರು ಬಹಳ ಚೆನ್ನಾಗಿದೆ’ ಎಂದರು. ಅವತ್ತು ಸಂಜೆ ನನಗೆ ಯಾರ ಮುಖ ನೋಡಲೂ ಮನಸ್ಸಾಗಲಿಲ್ಲ. ಅಪ್ಪಯ್ಯನ ಹೆಸರಿನಲ್ಲಿ ಬಡಿಸಿದ ಹುಳಿಯೇ ಹೀಗಾಯಿತಲ್ಲ ಎಂದು ತುಂಬ ಸಂಕಟವಾಯಿತು. ಮುಂದಿನ ತಿಥಿಯೊಳಗೆ ಹೇಗಾದರೂ ಮೂಗನ್ನು ದಾರಿಗೆ ತರಬೇಕೆಂದು ನಿಶ್ಚಯಿಸಿದೆ.

ನನ್ನ ಸಂಕಟ ಕೇಳಿ ಔಷಧಿ ಸೂಚಿಸಿದವನು ಬಸರೀಕಟ್ಟೆಯ ನಾಗೇಶಗೌಡ. ಓದುವ ಕಾಲದಿಂದಲೂ ನನ್ನ ಗೆಳೆಯ, ಕಾಫಿ ಬೆಳೆಗಾರ. ಕಾಫಿ ಕೊಳ್ಳಲು ಬರುವ ದೊಡ್ಡ ಜನರ ಸಹವಾಸದಿಂದ ಅವನಿಗೆ ಸಿಗಾರಿನ ಹುಚ್ಚು ಹತ್ತಿತ್ತು. ಒಂದು ಭಾನುವಾರ ಜೀಪಿನಲ್ಲಿ ಬಂದು, ಜಗಲಿಯ ಮೇಲೆ ಮರದ ಪೆಟ್ಟಿಗೆಯೊಂದನ್ನು ಇಟ್ಟು ಹೇಳಿದ: ‘ಮೂಗಿಗೆ ಕೆಲಸ ಕೊಡ್ಬೇಕು ಮಾರಾಯ. ಸುಮ್ನೆ ಕೂರ್ಸಿದ್ರೆ ಎತ್ತೂ ಮೊಂಡು ಬೀಳ್ತದೆ. ಇದ್ರಲ್ಲಿ ಚರ್ಮ, ದೇವದಾರು, ಕೋಕೋ, ಕರಿಮೆಣಸು ಎಲ್ಲ ಉಂಟು. ಒಂದೊಂದಾಗಿ ಹಿಡಿ.’

‘ಇದು ಚುಟ್ಟಾ ಅಲ್ವನಾ?’ ಎಂದೆ.

‘ಚುಟ್ಟಾ ಅನ್ಬೇಡ ಮಾರಾಯ, ಬೇಜಾರಾಗ್ತದೆ’ ಎಂದ. ಸಿಗಾರಿಗೋ ತನಗೋ ಎಂದು ಹೇಳಲಿಲ್ಲ.

ಪಾಠ ಶುರುವಾಯಿತು. ಸಿಗಾರಿನ ತುದಿ ಕತ್ತರಿಸುವ ಉಪಕರಣ ಅವನ ಮನೆಯಲ್ಲೇ ಉಳಿದಿತ್ತು, ನಾನು ಒಳಗಿನಿಂದ ಅಡಕತ್ತರಿ ತಂದುಕೊಟ್ಟೆ. ಹೊಗೆಯನ್ನು ನುಂಗಬಾರದು, ಬಾಯಲ್ಲಿ ನಿಲ್ಲಿಸಿ, ನಾಲಿಗೆಯ ಮೇಲೆ ಹೊರಳಿಸಿ, ಒಂದಿಷ್ಟನ್ನು ಮಾತ್ರ ಮೂಗಿನಿಂದ ಮೆಲ್ಲಗೆ ಬಿಡಬೇಕು, ರುಚಿಯೆಲ್ಲ ಇರುವುದು ಅಲ್ಲೇ ಎಂದ. ಬಿಟ್ಟೆ. ಕೆಮ್ಮಿದ್ದಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ‘ಎಂತ ಬಂತು?’ ಎಂದು ಗೌಡ ಕೇಳಿದ. ಕಣ್ಣೀರು ಬಂತು ಎಂದೆ. ಅದು ನಶ್ಯ ಏರಿಸಿದ ಅಪ್ಪಯ್ಯನ ಕಣ್ಣೀರೇ, ಅಷ್ಟಾದರೂ ಬಂತಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು. ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಪಾಠಕ್ಕೆ ಕೂತಿದ್ದೇನೆಂದು ಆಮೇಲೆ ಅವನಿಗೆ ಗೊತ್ತಾಗಿ, ಹೋಗಿ ಬಾಯಿ ಮುಕ್ಕಳಿಸಿ ಬಾ ಎಂದು ಬೈದು ಕಳಿಸಿದ.

ಹೀಗೆ ಭಾನುವಾರಗಳು ಕಳೆದವು. ಸಾವಿತ್ರಿ ಒಂದೇ ಷರತ್ತು ಹಾಕಿದಳು. ಸೇದುವುದು ಹಿತ್ತಲಿನಲ್ಲಿ, ಅದಕ್ಕೊಂದು ಹಳೆಯ ಶರ್ಟು ಬೇರೆ, ಆ ಶರ್ಟು ಬಚ್ಚಲಿನ ಹೊರಗಿನ ಗೂಟಕ್ಕೇ, ಒಳಗೆ ಬರಕೂಡದು. ಅವಳಿಗೆ ಮಡಿ ಜಾಸ್ತಿಯಾಯಿತು ಎಂದುಕೊಂಡೆ. ಪಾಠದಲ್ಲಿ ನಾನು ನನ್ನ ದಡ್ಡ ವಿದ್ಯಾರ್ಥಿಗಳ ದಾರಿ ಹಿಡಿದೆ. ಉತ್ತರ ಗೊತ್ತಿಲ್ಲದಿದ್ದರೂ ಮೇಷ್ಟರ ಮುಖ ನೋಡಿ ಹೇಳುವುದು. ಗೌಡ ಹುಬ್ಬೇರಿಸಿದರೆ ‘ಚರ್ಮ’, ಕಣ್ಣರಳಿಸಿದರೆ ‘ಕೋಕೋ’. ದೇವದಾರು ಮರವನ್ನು ನಾನು ಕಂಡೂ ಇಲ್ಲ, ಮೂಸಿಯೂ ಇಲ್ಲ, ಆದರೂ ಅದು ನನಗೆ ಚೆನ್ನಾಗಿಯೇ ಸಿಗತೊಡಗಿತು. ಒಮ್ಮೆ ಹೀಗೆ ಕಣ್ಣು ಮುಚ್ಚಿ ಹೊಗೆ ಬಿಡುತ್ತಿದ್ದಾಗ, ಸೀತೂರಿನ ನನ್ನ ಹಳೆಯ ಶಿಷ್ಯನೊಬ್ಬ ಗೃಹಪ್ರವೇಶಕ್ಕೆ ಕರೆಯಲು ಹಿತ್ತಲಿಗೇ ಬಂದುಬಿಟ್ಟ. ಬೀಡಿಗಾಗಿ ನನ್ನಿಂದ ಬೆಂಚಿನ ಮೇಲೆ ನಿಂತವರ ಪೈಕಿ ಅವನೂ ಒಬ್ಬ. ಕೈಯಲ್ಲಿದ್ದ ಸಿಗಾರನ್ನು ನೋಡಿದ, ನನ್ನನ್ನು ನೋಡಿದ, ತುಂಬ ವಿನಯದಿಂದ, ‘ಸಾರ್, ಹಿಂದ್ಗಡೆ ಪೇರಲೆ ಗಿಡ ಉಂಟಲ್ಲ’ ಎಂದ.

ತಿಥಿ ಹತ್ತಿರ ಬಂದಾಗ ಸಿಗಾರು ನಿಲ್ಲಿಸಿದೆ. ಮೂಗಿನ ಮೇಲೆ ನನಗೆ ಭರವಸೆಯೇನೂ ಇರಲಿಲ್ಲ. ಆ ದಿನ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆ. ಸಾವಿತ್ರಿ ಹುಳಿಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿದಳು. ಕಣ್ಣು ಮುಚ್ಚಿ ಎಳೆದುಕೊಂಡೆ. ಮೊದಲು ಏನೂ ಇಲ್ಲ. ಆಮೇಲೆ ದೂರದಲ್ಲೆಲ್ಲೋ ಕಾಳುಮೆಣಸು. ತಿಥಿ ಹುಳಿಗೆ ಕಾಳುಮೆಣಸೇ ಹಾಕುವುದರಿಂದ ಇದು ಊಹೆ ಇರಬಹುದೆಂದು ಇನ್ನೊಮ್ಮೆ ಎಳೆದೆ. ಈ ಸಲ ಬಂದದ್ದು ಹೊಗೆಸೊಪ್ಪು! ಮಡಿಯಲ್ಲಿ ನಿಂತವನ ಮೈಯಿಂದ ಸಿಗಾರಿನ ವಾಸನೆಯೇ? ಕೈ ಮೂಸಿಕೊಂಡೆ, ಏನೂ ಇಲ್ಲ. ಮತ್ತೆ ಎಳೆದೆ. ಇದು ಸಿಗಾರಿನದಿರಲಾರದು, ಹಳೆಯ ಪರಿಚಯದ್ದು. ಒಣಗಿದ, ಚೂಪಾದ, ಮೂಗಿನ ಬುಡಕ್ಕೇ ತಾಗುವ ಘಾಟು. ಶಾಲೆ ಬಿಟ್ಟು ಅಂಗಳಕ್ಕೆ ಬಂದಿದ್ದೇನೆ, ಅಪ್ಪಯ್ಯ ಮನೆಯಲ್ಲಿದ್ದಾನೆ.

‘ಉಪ್ಪು?’ ಎಂದಳು ಸಾವಿತ್ರಿ.

‘ಹ್ಞಾ, ಸರಿ ಇದೆ’ ಎಂದೆ. ಸ್ವರ ನನ್ನದೇ ಅನ್ನಿಸಲಿಲ್ಲ.

ಭಟ್ಟರು ಹುಳಿಯನ್ನು ಎರಡನೆಯ ಸಲ ಹಾಕಿಸಿಕೊಂಡರು. ಬಾವಿ ನೀರಿನ ಪ್ರಸ್ತಾಪ ಬರಲಿಲ್ಲ. ಎಲ್ಲರೂ ಹೋದಮೇಲೆ ನಾನು ಅಳುಕುತ್ತಲೇ ಸಾವಿತ್ರಿಗೆ, ‘ಬಾಗಿಲಲ್ಲಿ ನಿಂತಾಗ ಅಪ್ಪಯ್ಯನ ನಶ್ಯದ ವಾಸನೆ ಬಂತು ಕಣೇ’ ಎಂದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಗಿಲ ಹಿಂದಿನ ಗೂಡಿನಿಂದ ಅಪ್ಪಯ್ಯನ ಹಿತ್ತಾಳೆ ಡಬ್ಬಿ ತೆಗೆದು ಕೈಗಿಟ್ಟಳು. ಮುಚ್ಚಳ ಸ್ವಲ್ಪ ತೆರೆದಿತ್ತು. ಒಳಗೆ ಹೊಸ ನಶ್ಯ.

‘ಶೃಂಗೇರಿಯಿಂದ ತರ್ಸಿದ್ದೆ. ಮಾವಯ್ಯನಿಗೆ ಇಷ್ಟ ಅಲ್ದಾ, ಇವತ್ತೊಂದು ದಿನ ಇಲ್ಲಿರ್ಲಿ ಅಂತ ಇಟ್ಟೆ. ನಿಮಗೆ ಹೇಳಿರ್ಲಿಲ್ಲ’ ಎಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ನಾನು ಮುಚ್ಚಳವನ್ನು ಎರಡು ಸಲ ತಟ್ಟಿ ಒಂದು ಚಿಟಿಕೆ ಏರಿಸಿ, ಮನೆ ನಡುಗುವಂತೆ ಸೀನಿದೆ. ಮೂಗು ಬಂದಿತ್ತು, ಅನುಮಾನವೇ ಇಲ್ಲ.

ಅಷ್ಟಕ್ಕೇ ಸುಮ್ಮನಿರಬಹುದಿತ್ತು. ‘ನೋಡು, ಉಪ್ಪೂ ಎಷ್ಟು ಸರಿಯಾಗಿ ಗೊತ್ತಾಯ್ತು’ ಎಂದುಬಿಟ್ಟೆ.

‘ಉಪ್ಪಿಗೆ ಎಂತ ವಾಸನೆ ಉಂಟು?’ ಎಂದಳು. ‘ಮಾವಯ್ಯ ಹಾಕ್ತಿದ್ದಿದ್ದು ಕೈಯಳತೆ. ಮೂಸೋದೆಲ್ಲ ಮದುವೆಮನೆಯವ್ರಿಗೆ ಧೈರ್ಯ ಬರ್ಲಿ ಅಂತ. ನಾ ಮದುವೆಯಾಗಿ ಬಂದ ವರ್ಷವೇ ಅಳತೆ ಹೇಳಿಕೊಟ್ಟಿದ್ರು.’

‘ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?’

‘“ಅವನಿಗೆ ಹೇಳ್ಬೇಡ ಕೂಸೇ, ಮೂಗು ನಂಬ್ಕೊಂಡು ಖುಷಿಯಾಗಿದಾನೆ” ಅಂದಿದ್ರು.’

‘ಹೋದ ವರ್ಷ ನಾ ಹೇಳಿದ್ದಕ್ಕೆ ಉಪ್ಪು ಹಾಕಿದ್ಯಲ್ಲ?’

‘ಮೂಗು ಹೋಯ್ತು ಅಂತ ಮುಖ ಸಣ್ಣ ಮಾಡ್ಕೊಂಡು ತಿರುಗ್ತಿದ್ರಿ. ಭಟ್ರ ಬಾಯಿ ಒಂದು ದಿನ ಉಪ್ಪಾದ್ರೆ ಆಗ್ಲಿ ಅಂತ ಹಾಕ್ದೆ.’

ನಾನು ಎದ್ದು ಹೋಗಿ ನಾಗೇಶಗೌಡನಿಗೆ ಫೋನ್ ಮಾಡಿದೆ. ಮೂಗು ಬಂದದ್ದನ್ನು ಹೇಳಿದೆ, ಉಪ್ಪಿನ ವಿಷಯ ಹೇಳಲಿಲ್ಲ. ‘ನಾ ಹೇಳಿರ್ಲಿಲ್ವ ಮಾರಾಯ! ಬರೋ ಭಾನುವಾರ ಇನ್ನೊಂದು ಪೆಟ್ಟಿಗೆ ತರ್ತೆ’ ಎಂದು ಕುಣಿದ. ಸಂತೋಷದಲ್ಲಿ ನಾನೂ ಹಿತ್ತಲಿಗೆ ಹೋಗಿ, ಗೂಟದಲ್ಲಿದ್ದ ಸಿಗಾರಿನ ಶರ್ಟನ್ನು ತೆಗೆದು, ಇಷ್ಟು ದಿನ ಕಲಿತದ್ದನ್ನೆಲ್ಲ ಒಮ್ಮೆ ಗುರುತಿಸೋಣವೆಂದು ಮುಖಕ್ಕೆ ಹಿಡಿದು ಎಳೆದುಕೊಂಡೆ. ಶಿವ ಶಿವಾ! ದೇವದಾರೂ ಇಲ್ಲ, ಕೋಕೋವೂ ಇಲ್ಲ. ಚರ್ಮವೇನೋ ಇತ್ತು, ಸತ್ತು ಮೂರು ದಿನವಾದ ಎಮ್ಮೆಯದು. ಶರ್ಟನ್ನು ತೋಳಿನಷ್ಟು ದೂರ ಹಿಡಿದು ಬಚ್ಚಲ ಕಟ್ಟೆಯ ಮೇಲೆ ಕೂತೆ. ಆಗ ಹೊಳೆಯಿತು, ಮೂಗು ಹೋಗಿದ್ದದ್ದು ನನ್ನದು ಮಾತ್ರ. ಇಷ್ಟು ತಿಂಗಳೂ ಈ ವಾಸನೆಯ ಪಕ್ಕದಲ್ಲೇ ಸಾವಿತ್ರಿ ಒಂದು ಮಾತಾಡದೆ ಪಾತ್ರೆ ತೊಳೆದಿದ್ದಳು.

ಬಕೆಟ್ಟಿಗೆ ನೀರು ಬಿಟ್ಟು ಶರ್ಟನ್ನು ನಾನೇ ಮುಳುಗಿಸಿದೆ. ಒಳಗಿನಿಂದ ಅವಳು ಕೇಳಿದಳು, ‘ಎಂತ ವಾಸನೆ ಬಂತು?’

‘ಕೋಕೋ’ ಎಂದೆ, ಸೋಪಿನ ಪುಡಿಯ ಡಬ್ಬ ತೆಗೆದು. ಎಷ್ಟು ಹಾಕಬೇಕೆಂದು ಮೂಸಿ ನೋಡಲಿಲ್ಲ, ಕೈಯಳತೆಯಲ್ಲೇ ಹಾಕಿದೆ.