ಚಪ್ಪಾಳೆಗೆ ತಿರುಗಿದ ಹುಡುಗಿ

ಅಂಗನವಾಡಿ ಅಂದ್ಮೇಲೆ ನಗೋ ಪ್ರಸಂಗಗಳಿಗೇನು ಬರ? ಆದ್ರೆ ಕೆಲವು ನಕ್ಕು ಮುಗಿಸೋದ್ರೊಳಗೆ ಹೊಟ್ಟೆ ಉರಿಸುತ್ವೆ. ಶಿಕಾರಿಪುರದ ಕಡೆ ಹಳ್ಳಿಯಲ್ಲಿ ನಾನು ಟೀಚರ್. ಮಗುವಿಗೆ ಏನು ಬರುತ್ತೆ, ಏನು ಬರಲ್ಲ ಅಂತ ಗಮನಿಸಿ ಗುರುತು ಹಾಕ್ಬೇಕು. ನಮ್ಮಲ್ಲೊಬ್ಬ ತಾಯಿಯಿಲ್ಲದ ಹುಡುಗಿ. ಮೂರು ತುಂಬಿದ್ರೂ ಮಾತಿಲ್ಲ. ಸಾಕೋದು ಅಜ್ಜಿ.

೧. ಪಾಸು

ಮೊದಲು ಕಿವಿ ನೋಡೋಣ ಅಂತ ಹುಡುಗಿಯ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ತಟ್ಟನೆ ತಿರುಗಿದ್ಲು. 'ಕೇಳಿಸುತ್ತದೆ' ಅಂತ ಬರ್ಕೊಂಡೆ.

ಹುಡುಗಿಯ ಎದುರಿಗೆ ಕೂತಿದ್ದ ಅಜ್ಜಿಗೆ ಸಂಭ್ರಮವೋ ಸಂಭ್ರಮ. "ಕಿವಿ ಪಾಸಾಯ್ತಲ್ರೀ ಟೀಚರ್! ಬಾಯಿಗೆ ದಿನಾ ಬಜೆ ತೇದು ನೆಕ್ಕಿಸ್ತಿದ್ದೀನಿ, ಅದೂ ಪಾಸಾಗುತ್ತೆ ಬಿಡ್ರಿ."

೨. ತಟ್ಟೆ

ಎಂಟು ತಿಂಗಳಾದ್ಮೇಲೆ ಒಂದಿನ ನಮ್ಮ ಸಹಾಯಕಿ ಕೈಯಿಂದ ಸ್ಟೀಲ್ ತಟ್ಟೆಗಳ ರಾಶಿ ಧಡಾರ್ ಅಂತ ಬಿತ್ತು. ಮಕ್ಕಳೆಲ್ಲ ಬೆಚ್ಚಿಬಿದ್ದು ಅತ್ರು. ಈ ಹುಡುಗಿ ಮಾತ್ರ ಹುಣಸೆಬೀಜ ಸಾಲಾಗಿ ಜೋಡಿಸ್ತಾನೇ ಇದ್ಲು.

ಅಜ್ಜಿಯನ್ನ ಕರೆಸಿದೆ. "ಮಗುವಿನ ಕಿವಿ ತೋರಿಸ್ಬೇಕು, ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ರಿ."

"ಮಾತು ಬರಲ್ಲ ಅಂದ್ರೆ ಕಿವಿ ತೋರಿಸೋದಾ? ಹಲ್ಲು ನೋವಿಗೆ ಮೊಣಕಾಲು ತೋರಿಸ್ದಂಗೆ!"

"ತಟ್ಟೆ ಬಿದ್ದ ಸದ್ದೇ ಅವಳಿಗೆ ಕೇಳಿಸ್ಲಿಲ್ಲ. ಹಂಗಾದ್ರೆ ಅವತ್ತು ನನ್ನ ಚಪ್ಪಾಳೆಗೆ ತಿರುಗಿದ್ದು ಹೆಂಗೆ?"

"ನಾನೇ ಕಣ್ಸನ್ನೆ ಮಾಡಿದ್ದು ಕಣ್ರೀ. ನೀವು ಪರೀಕ್ಷೆ ಮಾಡ್ತಿದ್ರಿ, ಕೂಸು ಫೇಲಾದ್ರೆ ಮರ್ಯಾದಿ ಪ್ರಶ್ನೆ ಅಲ್ವೇನ್ರಿ?"

ಬೈಯೋಣ ಅಂದ್ರೆ, ಅಜ್ಜಿಯನ್ನ ಎದುರಿಗೆ ಕೂರಿಸ್ಕೊಂಡು ಪರೀಕ್ಷೆ ಮಾಡಿದ ದಡ್ಡಿ ನಾನೇ ಅಲ್ವಾ? ಮಾತು ಕಲಿಯೋ ವಯಸ್ಸಲ್ಲಿ ಎಂಟು ತಿಂಗಳು ನನ್ನ ಕೈಯಾರೆ ಹಾಳು ಮಾಡಿದ್ದೆ. ಆ ಪಾಪ ಇವತ್ತಿಗೂ ಚುಚ್ಚುತ್ತೆ.

೩. ಹೆಸರು

ಶಿವಮೊಗ್ಗದಲ್ಲಿ ಪರೀಕ್ಷೆ ಮಾಡಿ ಕಿವಿಗೆ ಕೇಳೋ ಮಿಷನ್ ಹಾಕಿದ್ರು. ಮೊದಮೊದಲು ಕಿತ್ತು ಕಿತ್ತು ಬಿಸಾಕಿದ್ಲು. ಆಮೇಲೆ ಅಭ್ಯಾಸ ಆಯ್ತು. ವರ್ಷ ಆಗ್ತಾ ಬಂದ್ರೂ ಒಂದು ಮಾತಿಲ್ಲ. ನಾನು ದೇವರಿಗೆ ಹರಕೆ ಹೊತ್ತಿದ್ದೂ ಆಯ್ತು.

ಅಷ್ಟರಲ್ಲಿ ಸೂಪರ್‌ವೈಸರ್ ಮೇಡಂ ಬಂದ್ರು. ಅಜ್ಜಿಯೂ ಬಾಗಿಲಲ್ಲಿ ನಿಂತಿದ್ರು. ಮೇಡಂ ಹುಡುಗಿಯ ಮುಂದೆ ಕೂತು, ಒಂದೊಂದೇ ಅಕ್ಷರ ಬಿಡಿಸಿ, "ನಿನ್ನ ಹೆಸರೇನವ್ವಾ?" ಅಂದ್ರು.

ಹುಡುಗಿ ಎದೆ ತಟ್ಟಿಕೊಂಡು, ಗಟ್ಟಿಯಾಗಿ, "ಪೀಡೆ!" ಅಂದ್ಲು.

ಅವಳ ಮೊದಲ ಮಾತು. ಮೇಡಂ ಬಿದ್ದು ಬಿದ್ದು ನಕ್ರು. ಸರಿಯಾಗಿ ಹೇಳಿದೆ ಅಂತ ಹುಡುಗಿಯೂ ಕುಣಿದು ನಕ್ಕಳು. ನನಗೆ ನಗು, ಅಳು ಎರಡೂ ಒಟ್ಟಿಗೇ ಬಂತು. ಯಾರು ಹಂಗೆ ಕರೀತಿದ್ರು ಅಂತ ಕೇಳೋ ಅಗತ್ಯವೇ ಇರ್ಲಿಲ್ಲ.

ಅಜ್ಜಿ ಸೆರಗಲ್ಲಿ ಕಣ್ಣೊರೆಸ್ಕೊಂಡು ನನ್ನ ಮೇಲೇ ರೇಗಿದ್ರು: "ಆ ಮಿಷನ್ನಲ್ಲಿ ಇಷ್ಟು ಚೆನ್ನಾಗಿ ಕೇಳಿಸುತ್ತೆ ಅಂತ ನಂಗೆ ಮೊದ್ಲೇ ಹೇಳ್ಬಾರ್ದೇನ್ರೀ!"