ನಾನು ಹೋಗದ ಊರಿನಲ್ಲಿ ನಾನು ಕುಡಿದ ಎರಡು ಲೋಟ ಚಹಾ

ನನಗೆ ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ. ಇರುವುದು ಒಂದೇ, ‘ಹೂಂ’ ಅನ್ನುವ ಕಾಯಿಲೆ. ಯಾರು ಏನು ಕೇಳಿದರೂ ಬಾಯಿ ತನ್ನಷ್ಟಕ್ಕೆ ತಾನೇ ಹೂಂ ಅಂದುಬಿಡುತ್ತದೆ. ವಿಷಯ ತಲೆಗೆ ಮುಟ್ಟುವುದು ಆಮೇಲೆ. ನಮ್ಮ ಜನದ ನಡುವೆ ಇದರಿಂದ ಏನೂ ತೊಂದರೆಯಿಲ್ಲ. ಇಲ್ಲಿ ಇಲಿನಾಯ್‌ನಲ್ಲಿ, ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಸ್ಕೋಕಿ ಊರಿನವರು ಯಾರಾದರೂ ಸಿಕ್ಕಿ, “ಒಂದ್ಸಲ ಮನೆ ಕಡೆ ಬನ್ರೀ” ಅಂದರೆ, “ಹೂಂ, ಖಂಡಿತ ಬರ್ತೀವಿ” ಅನ್ನುತ್ತೇವೆ. ನಾವು ಬರುತ್ತೇವೆಂದು ಅವರು ಅನ್ನಕ್ಕೆ ಇಟ್ಟಿರುವುದಿಲ್ಲ, ನಮ್ಮ ಊರು ಶಾಮ್‌ಬರ್ಗಿನಿಂದ ಅಷ್ಟು ದೂರ ನಾವೂ ಡ್ರೈವ್ ಮಾಡುವುದಿಲ್ಲ. ಹತ್ತು ವರ್ಷ ಹೀಗೇ ಕಳೆದರೂ ಸ್ನೇಹ ಗಟ್ಟಿಯಾಗಿಯೇ ಇರುತ್ತದೆ. ಈ ಹೂಂ ಅನ್ನು ನಮ್ಮ ಜನದ ಆಚೆಗೆ ಬಳಸಿದ್ದೇ ನಾನು ಮಾಡಿದ ತಪ್ಪು. ಅದನ್ನು ನೆನೆದರೆ ಈಗಲೂ, ಪಾತ್ರೆ ತೊಳೆಯುತ್ತಿದ್ದರೂ, ಕಣ್ಣು ಮುಚ್ಚಿಕೊಂಡು “ಛೆ!” ಅಂತೀನಿ. ನಮ್ಮನೆಯವರು ಲೋಟ ಒಡೆಯಿತೇನೋ ಅಂತ ಓಡಿ ಬರುತ್ತಾರೆ.

ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವಳು ನೂರ್. ಇಂಡೋನೇಷ್ಯಾದವಳು, ನನ್ನದೇ ವಯಸ್ಸು, ಅಂದರೆ ಐವತ್ತು ದಾಟಿ ಎಷ್ಟು ಅಂತ ಹೇಳದಿರುವ ವಯಸ್ಸು. ಆರು ವರ್ಷದಿಂದ ದಿನಾ ಒಟ್ಟಿಗೆ ಊಟ ಮಾಡುತ್ತೇವೆ. ಮೈಕ್ರೋವೇವಿನಲ್ಲಿ ಮೊದಲು ನನ್ನ ಹುಳಿ ತಿರುಗುತ್ತದೆ, ಆಮೇಲೆ ಅವಳ ಮೀನು; ಈ ಸರದಿಯನ್ನು ಅವಳೇ ಮಾಡಿದ್ದು, ನನ್ನ ಮುಖ ನೋಡಿ. ಊಟದುದ್ದಕ್ಕೂ ಅವಳು ತನ್ನ ಊರಿನ ಸುದ್ದಿ ಹೇಳುತ್ತಾಳೆ. ಅದೊಂದು ನದಿದಡದ ಸಣ್ಣ ಹಳ್ಳಿ. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನಿಂದ ಆ ಊರಿಗೆ ಆಗಿದ್ದು ಸಾಕು. ಅಲ್ಲಿ ಅವಳ ತಾಯಿ ಸಿತಿ, ತಮ್ಮ, ತಮ್ಮನ ಹೆಂಡತಿ, ನಾಲ್ಕು ಮಕ್ಕಳು, ಲೆಕ್ಕವಿಲ್ಲದಷ್ಟು ಬಾತುಕೋಳಿ. ನಾನು ಹುಳಿಯನ್ನ ಕಲಸಿಕೊಳ್ಳುತ್ತಾ, ಫೋನ್ ನೋಡಿಕೊಳ್ಳುತ್ತಾ, “ಹೂಂ, ಹೂಂ” ಅನ್ನುತ್ತಿದ್ದೆ. ಅರ್ಧ ಕಿವಿಗೆ ಬೀಳುತ್ತಿತ್ತು, ಇನ್ನರ್ಧ ಮೈಕ್ರೋವೇವಿನ ಸದ್ದಿಗೆ ಹೋಗುತ್ತಿತ್ತು. ಅವಳು ಆಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡ ಮಾಡಿ ಹಾಕಿದ್ದೇನೆ. ಈ ಸಲ ಏನನ್ನೂ ಸೇರಿಸಿಲ್ಲ, ನಂಬಿ.

ಹೋದ ಡಿಸೆಂಬರಿನಲ್ಲಿ ನಾನೂ ನಮ್ಮನೆಯವರೂ ಬಾಲಿಗೆ ಹೊರಟೆವು. ನೂರ್ ಮುಖ ಅರಳಿತು. “ನಮ್ಮೂರು ಬೇರೆ ದ್ವೀಪ. ವಿಮಾನ ಹತ್ತಿ, ಆಮೇಲೆ ದೋಣಿಯಲ್ಲಿ ಹೋಗಬೇಕು. ಆದರೆ ಸಾಧ್ಯವಾದರೆ ಹೋಗಿ ಬಾ ವಸುಧಾ, ಅಮ್ಮ ತುಂಬಾ ಖುಷಿ ಪಡ್ತಾಳೆ” ಅಂದಳು. “ಹೂಂ, ಖಂಡಿತ” ಅಂದೆ. ಮಾರನೆಯ ದಿನ ಒಂದು ಪೊಟ್ಟಣ ತಂದುಕೊಟ್ಟಳು. ತಾಯಿ ಮೊಣಕಾಲಿಗೆ ಹಾಕಿಕೊಳ್ಳಲು ಎರಡು ಎಲಾಸ್ಟಿಕ್ ಪಟ್ಟಿ. ಮನೆಯ ಹಿಂದೆ ಮೆಟ್ಟಿಲಿಳಿದು ನದಿಗೆ ಹೋಗುವುದು ಅವರಿಗೆ ಕಷ್ಟವಾಗಿತ್ತಂತೆ. ನೇರಳೆ ಬಣ್ಣದ ಪಟ್ಟಿಯ ಅಂಚಿನಲ್ಲಿ ನೂರ್ ತಾನೇ ಕೂತು ಕೆಂಪು ದಾರದಲ್ಲಿ ‘ಸಿತಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಲಿದಿದ್ದಳು. “ಊರಿಗೆ ಹೋಗೋಕೆ ಆಗದಿದ್ದರೆ ಬಾಲಿಯಿಂದ ಪೋಸ್ಟ್ ಮಾಡು, ಸಾಕು” ಅಂದಳು. ಅದಕ್ಕೂ ಹೂಂ.

ಬಾಲಿಯಲ್ಲಿ ಐದು ದಿನ ಇದ್ದೆವು. ಅದರಲ್ಲಿ ಮೂರು ದಿನ ನನ್ನ ಹೊಟ್ಟೆ ಕೆಟ್ಟು ನಾನು ನೋಡಿದ್ದು ರೂಮಿನ ಛಾವಣಿಯನ್ನು, ಇನ್ನೆರಡು ದಿನ ಈಜುಕೊಳವನ್ನು. ಪೊಟ್ಟಣ ಸೂಟ್‌ಕೇಸಿನ ಜಿಪ್ಪಿನೊಳಗೆ ಹೋದದ್ದು ಹಾಗೇ ವಾಪಸು ಶಾಮ್‌ಬರ್ಗಿಗೆ ಬಂತು. ಆಫೀಸಿಗೆ ಹೋದ ಮೊದಲ ದಿನವೇ ನೂರ್ ಕೇಳಿದಳು, “ಪೋಸ್ಟ್ ಮಾಡಿದೆಯಾ?” ನನಗೆ ಆಗಲೇ ನೆನಪಾದದ್ದು. ಇಲ್ಲ ಅನ್ನುವುದು ಎಷ್ಟು ಸಣ್ಣ ಮಾತು! ಈ ವಾರ ಇಲ್ಲಿಂದಲೇ ಕಳಿಸಿದರಾಯಿತು ಅಂದುಕೊಂಡು ಹೂಂ ಅಂದೆ. ಮನೆಗೆ ಬಂದು ನೋಡಿದರೆ ಜಿಪ್ಪಿನೊಳಗೆ ಪೊಟ್ಟಣವೇ ಇಲ್ಲ. ಹೋಟೆಲಿನಲ್ಲೇ ಬಿಟ್ಟು ಬಂದಿರಬೇಕೆಂದು ಒಂದು ವಾರ ಒದ್ದಾಡಿದೆ. ನೂರ್ ತಾನಾಗಿಯೇ, “ನಮ್ಮ ಕಡೆ ಅಂಚೆ ನಿಧಾನ, ತಿಂಗಳುಗಟ್ಟಲೆ ಆಗುತ್ತೆ” ಅಂದಳು. ನಾನು ನಾಚಿಕೆಯಿಲ್ಲದೆ ನೆಮ್ಮದಿಯ ಉಸಿರು ಬಿಟ್ಟೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೀ ಮರೆಗುಳಿ ಅನ್ನಿಸಿಕೊಳ್ಳುತ್ತಿದ್ದೆ. ಆದರೆ ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಯ ಸಮಯ ಬಂತು. ಅದರ ಸಂಪಾದಕಿ ಪದ್ಮಾ ಆಂಟಿ ಫೋನ್ ಮಾಡಿ ಪ್ರವಾಸ ಕಥನ ಕೇಳಿದರು. ಬಾಲಿ ಅಂದೆ. “ಅಯ್ಯೋ, ಬಾಲಿ ಬೇಡಮ್ಮ. ಹೋದ್ಸಲ ಲೊಂಬಾರ್ಡ್ ಊರಿನೋರು ಇಬ್ರು ಬಾಲೀನೇ ಬರ್ದಿದ್ರು, ಇಬ್ರೂ ಅದೇ ಕೋತಿ ಫೋಟೋ. ನೀನೂ ಬರೀ ರೆಸಾರ್ಟ್ ನೋಡ್ಕೊಂಡ್ ಬಂದ್ಯಾ?” ಅಂದರು. ಆ ‘ಬರೀ’ ನನ್ನನ್ನು ಚುಚ್ಚಿತು. “ಇಲ್ಲ ಆಂಟಿ, ನಾವು ಒಂದ್ ಹಳ್ಳಿಗೂ ಹೋಗಿದ್ವಿ. ನದಿ ದಡದ್ದು. ಟೂರಿಸ್ಟ್‌ಗಳೇ ಹೋಗಲ್ಲ ಅಲ್ಲಿಗೆ” ಎಂದು ನನ್ನ ಬಾಯಿ ಹೇಳಿತು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ನಾಲ್ಕು ಪುಟ ಬರೆದೆ. ಅರ್ಧ ಕಿವಿಯಲ್ಲಿ ಕೇಳಿದ್ದಕ್ಕೆ ಬಾಕಿ ಅರ್ಧವನ್ನು ಕೈಯಿಂದ ಹಾಕಿದೆ. ಹಳ್ಳಿ ಅಂದಮೇಲೆ ಅರಳಿಕಟ್ಟೆ ಬೇಡವೇ? ಒಂದು ಕಟ್ಟಿಸಿದೆ. ಸಂಜೆಯ ಧೂಳಿನಲ್ಲಿ ಎತ್ತಿನ ಗಾಡಿಗಳನ್ನು ಮನೆಗೆ ಮರಳಿಸಿದೆ. ಆ ಊರಿನವರು ಹಕ್ಕಿಗಳಿಗಾಗಿಯೇ ದೊಡ್ಡ ದೊಡ್ಡ ಮನೆ ಕಟ್ಟುತ್ತಾರೆಂದು ನೂರ್ ಯಾವತ್ತೋ ಹೇಳಿದ್ದಳು. ಅದನ್ನು ಹಿಡಿದು ‘ತಾವು ಹಲಗೆಯ ಮನೆಯಲ್ಲಿದ್ದರೂ ಹಕ್ಕಿಗಳಿಗೆ ಮಹಡಿ ಕಟ್ಟುವ ಕರುಣಾಳುಗಳು’ ಎಂದು ಒಂದು ಪುಟ ಕಣ್ಣೀರು ಹಾಕಿದೆ. ನದಿಯ ಫೋಟೋ ನೂರ್ ಯಾವಾಗಲೋ ಫೋನಿಗೆ ಕಳಿಸಿದ್ದು. ಅದರ ಕೆಳಗೆ ‘ಚಿತ್ರ: ಲೇಖಕಿ’ ಎಂದು ಅಚ್ಚಾಯಿತು. ನನ್ನ ಆಫೀಸಿನ ಗೆಳತಿಯ ತಾಯಿ ಸಿತಿ ಎಂಬ ಅಜ್ಜಿ ನನ್ನ ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಹೋದದ್ದನ್ನೂ ಬರೆದೆ. ನಮ್ಮನೆಯವರು ಓದಿ, “ಚೆನ್ನಾಗಿದೆ ಕಣೆ. ನಾನೆಲ್ಲಿದ್ದೆ ಆಗ?” ಅಂತ ಮಾತ್ರ ಕೇಳಿದರು.

ಸಂಚಿಕೆ ಬಂದ ಸೋಮವಾರ ನಮ್ಮ ಆಫೀಸಿನ ಗಿರೀಶ ಓಡುತ್ತಾ ಬಂದ. ಧಾರವಾಡದ ಹುಡುಗ, ಹೊಗಳಿದರೆ ಇಡೀ ಫ್ಲೋರಿಗೆ ಕೇಳಬೇಕು. “ಏನ್ ಬರದೀರಿ ಮೇಡಂ! ಆ ಎತ್ತಿನ ಬಂಡಿ ಓದಿ ಕಣ್ಣಾಗ ನೀರ ಬಂತ್ ನೋಡ್ರಿ. ನೂರ್ ಅವ್ರಿಗೂ ಹೇಳಿಬಿಟ್ಟೆ, ನಿಮ್ಮ ಊರಿಗೇ ಹೋಗಿ ಬಂದಾರ, ನಿಮ್ಮ ಅವ್ವನ ಮನಿಯಾಗ ಕುಂತು ಬಂದಾರ ಅಂತ!” ನಾನು ತಿರುಗಿ ನೋಡುವಷ್ಟರಲ್ಲಿ ನೂರ್ ನನ್ನನ್ನು ತಬ್ಬಿಕೊಂಡಿದ್ದಳು. ಅಳುತ್ತಿದ್ದಳು. “ಪೋಸ್ಟ್ ಮಾಡಿದೆ ಅಂದೆಯಲ್ಲ, ಸುಳ್ಳಿ! ಕೈಯಾರೆ ಕೊಟ್ಟು ಬಂದಿದ್ದೀಯ. ನಾನೇ ಏಳು ವರ್ಷದಿಂದ ಹೋಗಿಲ್ಲ, ನೀನು ಹೋಗಿ ಬಂದೆ. ಸರ್‌ಪ್ರೈಸ್ ಅಂತ ಇಟ್ಟುಕೊಂಡಿದ್ದೆಯಾ?” ಭೂಮಿ ಬಾಯಿ ಬಿಡಲಿಲ್ಲ, ನನ್ನ ಬಾಯಿ ಬಿಟ್ಟಿತು. ಹೂಂ.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನೂರ್ ತಾಯಿಗೆ ಫೋನ್ ಮಾಡೇ ಮಾಡುತ್ತಾಳೆ, ನಾಳೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಮಾರನೆಯ ದಿನ ಅವಳು ನಗುನಗುತ್ತಾ ಬಂದಳು. “ಅಮ್ಮ ಹೇಳಿದಳು. ನೀನು ಬಂದಿದ್ದೆಯಂತೆ. ಎರಡು ಲೋಟ ಚಹಾ ಕುಡಿದೆಯಂತೆ. ಕರಿದ ಬಾಳೆಹಣ್ಣು ಮಾತ್ರ ಒಂದೇ ತಿಂದೆಯಂತೆ, ಸಂಕೋಚದವಳು ಅಂದಳು.” ನಾನು ಹೋಗದ ಮನೆಯಲ್ಲಿ ನಾನು ಚಹಾ ಕುಡಿದಿದ್ದೆ! ಒಂದು ಕ್ಷಣ ನಿಜವಾಗಿಯೂ ಹೋಗಿದ್ದೆನೇನೋ ಅಂತ ನನಗೇ ಅನ್ನಿಸಿತು. ದೇವರು ದೊಡ್ಡವನು ಅಂದುಕೊಂಡು ಆ ದಿನ ಎರಡು ಸಲ ಹುಳಿ ಬಡಿಸಿಕೊಂಡೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಆದರೆ ನಡೆದದ್ದು ಹೀಗೆ.

ಮುಂದಿನ ವಾರ ನೂರ್ ಡಬ್ಬಿ ತೆರೆಯದೆ ಕೂತಿದ್ದಳು. ಏನಾಯಿತು ಅಂದೆ. “ಅಮ್ಮನಿಗೆ ಆ ಪಟ್ಟಿ ಸಿಗುತ್ತಿಲ್ಲ. ನೀನು ಕೊಟ್ಟದ್ದನ್ನು ಎಲ್ಲಿಟ್ಟೆ ಅಂತ ಗೊತ್ತಾಗುತ್ತಿಲ್ಲವಂತೆ. ಹಾಸಿಗೆ ಎತ್ತಿ ನೋಡಿದಳು, ಅಕ್ಕಿ ಡಬ್ಬಕ್ಕೆ ಕೈ ಹಾಕಿ ನೋಡಿದಳು. ನಿನ್ನೆ ಫೋನಿನಲ್ಲಿ ಅತ್ತಳು, ವಸುಧಾ. ನಿನ್ನ ಮುಖ ಕೂಡ ತನಗೆ ನೆನಪಿಲ್ಲ ಅಂದಳು. ನನ್ನ ಅಜ್ಜಿಗೂ ಹೀಗೇ ಶುರುವಾದದ್ದು, ಕೊನೆಗೆ ನಮ್ಮನ್ನೂ ಮರೆತಳು. ತಮ್ಮ ಶನಿವಾರ ಅವಳನ್ನು ದೋಣಿಯಲ್ಲಿ ಪಟ್ಟಣದ ಆಸ್ಪತ್ರೆಗೆ ಕರಕೊಂಡು ಹೋಗುತ್ತಾನೆ, ತಲೆ ತೋರಿಸೋದಕ್ಕೆ.” ಆಗಲಾದರೂ ಹೇಳಬೇಕಿತ್ತು. “ಅಯ್ಯೋ ಪಾಪ” ಅಂದೆ. ಆ ಕ್ಷಣಕ್ಕೆ ನನ್ನಷ್ಟು ಹೀನಳು ಇಲಿನಾಯ್ ರಾಜ್ಯದಲ್ಲಿ ಇನ್ನೊಬ್ಬಳು ಇರಲಿಲ್ಲ.

ಅಂದು ಸಂಜೆ ಮಾರ್ಚಿನ ಕೊನೆಯ ಹಿಮ ಬಿದ್ದಿತ್ತು. ಕಾರು ನಿಲ್ಲಿಸಿ ನೋಡಿದರೆ ನಮ್ಮನೆಯವರು ಡ್ರೈವ್‌ವೇಯಲ್ಲಿ ಸಲಿಕೆ ಹಿಡಿದು ಹಿಮ ತೆಗೆಯುತ್ತಿದ್ದಾರೆ. ಪ್ಯಾಂಟಿನ ಮೇಲೆ, ಎರಡೂ ಮೊಣಕಾಲಿಗೆ, ನೇರಳೆ ಪಟ್ಟಿ. ಕೆಂಪು ದಾರದಲ್ಲಿ ಸಿತಿ, ಸಿತಿ. “ಏನ್ರೀ ಇದು?” ಅಂತ ಕಿರುಚಿದೆ. “ಸೂಟ್‌ಕೇಸಲ್ಲಿತ್ತು ಕಣೆ. ನಂಗೇ ತಂದಿದೀಯ ಅನ್ಕೊಂಡೆ. ಜನವರಿಯಿಂದ ಪ್ಯಾಂಟಿನೊಳಗೆ ಹಾಕ್ತಿದೀನಿ, ಇವತ್ತು ಅವಸರಕ್ಕೆ ಮೇಲೇ ಹಾಕ್ದೆ, ಮಂಡಿ ನೋವೇ ಇಲ್ಲ. ಸಿತಿ ಅಂತ ಯಾವ್ದೋ ಒಳ್ಳೆ ಕಂಪನಿ ಇರ್ಬೇಕು” ಅಂದರು. ನಾನು ಹಿಮದಲ್ಲೇ ಕೂತು ಅತ್ತೆ. ಅವರು ಪಾಪ, ಸಲಿಕೆ ಬಿಟ್ಟು, ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಮಾರನೆಯ ದಿನ ಊಟದ ಕೋಣೆಯಲ್ಲಿ ನೂರ್‌ಗೆ ಹೇಳಿದೆ. ಹೋಗಿಲ್ಲ, ಪೋಸ್ಟ್ ಮಾಡಿಲ್ಲ, ಬರೆದದ್ದೆಲ್ಲ ಸುಳ್ಳು, ಪಟ್ಟಿ ಮನೆಯಲ್ಲೇ ಇದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಅಂದಳು, “ನೀನು ಹೋಗಲಿಲ್ಲ ಅಂತ ನನಗೆ ಬೇಜಾರಿಲ್ಲ. ನಮ್ಮೂರು ದೂರ, ಯಾರೂ ಹೋಗಲ್ಲ. ಆದರೆ ನಮ್ಮಮ್ಮ ಒಂದು ವಾರದಿಂದ ತನ್ನ ತಲೆ ಕೆಟ್ಟಿದೆ ಅಂತ ನಂಬಿಕೊಂಡು ಕೂತಿದ್ದಾಳೆ. ಇದನ್ನು ನಾನು ಹೇಳಲ್ಲ. ಸಂಜೆ ಆರಕ್ಕೆ ಅಲ್ಲಿ ಬೆಳಗಾಗಿರುತ್ತೆ. ನೀನೇ ಹೇಳು.”

ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ನೂರ್‌ಳ ಕಾರಿನೊಳಗೆ, ಫೋನಿನ ಪರದೆಯಲ್ಲಿ ಸಿತಿ ಕಂಡರು. ತಲೆಗೆ ಹೂವಿನ ಬಟ್ಟೆ, ಬಾಯಲ್ಲಿ ನಾಲ್ಕು ಹಲ್ಲು. ಹಿಂದೆ ಕಂದು ಬಣ್ಣದ ದೊಡ್ಡ ನದಿ. ನಾನು ಒಂದೊಂದೇ ವಾಕ್ಯ ಹೇಳಿದೆ, ನೂರ್ ಒಂದೊಂದನ್ನೇ ಅವರ ಮಾತಿಗೆ ತಿರುಗಿಸಿದಳು. ಯಾವುದನ್ನೂ ಮೆತ್ತಗೆ ಮಾಡಲಿಲ್ಲ. ಕೇಳಿ ಮುಗಿಸಿ ಅಜ್ಜಿ ಮನೆಯೊಳಕ್ಕೆ ತಿರುಗಿ ಎಷ್ಟು ಜೋರಾಗಿ ಕೂಗಿದರೆಂದರೆ ಬಾತುಕೋಳಿಗಳೆಲ್ಲ ಎದ್ದವು. ನೂರ್ ನಗುತ್ತಾ, ಅಳುತ್ತಾ ಹೇಳಿದಳು: “ನನ್ನ ತಲೆ ಸರಿಯಾಗಿದೆ, ದೋಣಿ ಬೇಡ ಅಂತ ತಮ್ಮನಿಗೆ ಹೇಳ್ತಿದ್ದಾಳೆ.”

ಹಾಗಾದರೆ ಚಹಾ ಕುಡಿದಳು ಅಂತ ಯಾಕೆ ಹೇಳಿದೆ ಅಂತ ನೂರ್ ತಾಯಿಯನ್ನು ಕೇಳಿದಳು. ಅಜ್ಜಿ ಸೆರಗು ಹಾಕಿಕೊಳ್ಳುವ ಹಾಗೆ ತಲೆಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡರು. ಅಷ್ಟು ದೂರದಿಂದ ಬಂದವಳನ್ನು ನೋಡಿಲ್ಲ ಅಂದರೆ ಅವಳಿಗೆ ಅವಮಾನವಲ್ಲವೇ, ಬಂದಿರಲೇಬೇಕು, ಬಂದಿದ್ದರೆ ನಾನು ಚಹಾ ಕೊಡದೆ ಕಳಿಸಿರುತ್ತೇನೆಯೇ ಅಂದರಂತೆ. ನಾನೂ ಮುಖ ಮುಚ್ಚಿಕೊಂಡೆ. ಹೀಗೆ ಭೂಮಿಯ ಎರಡು ಕಡೆ ಇಬ್ಬರು ಹೆಂಗಸರು ಮುಖ ಮುಚ್ಚಿಕೊಂಡು ಕೂತೆವು. ಆದರೆ ಅವರು ನನ್ನ ಮಾನ ಉಳಿಸಲು ಸುಳ್ಳು ಹೇಳಿದ್ದರು, ನಾನೂ ನನ್ನ ಮಾನ ಉಳಿಸಲೇ ಸುಳ್ಳು ಹೇಳಿದ್ದೆ.

ಆಮೇಲೆ ಅಜ್ಜಿ ಫೋನ್ ಹಿಡಿದು ಊರು ತೋರಿಸಿದರು. ಆ ಊರಿಗೆ ರಸ್ತೆಯೇ ಇಲ್ಲ. ನೀರಿನ ಮೇಲೆ ಕಂಬ ನೆಟ್ಟ ಮನೆಗಳು, ಮನೆಯಿಂದ ಮನೆಗೆ ಹಲಗೆಯ ದಾರಿ; ಅದರ ಮೇಲೇ ಒಬ್ಬ ಮೋಟರ್‌ಬೈಕಿನಲ್ಲಿ ದಡದಡ ಅಂತ ಹೋದ. ನನ್ನ ಎತ್ತಿನ ಗಾಡಿ ಎಲ್ಲಿ ಓಡಿತೋ ದೇವರೇ ಬಲ್ಲ. ಅಲ್ಲಿನ ಎಮ್ಮೆಗಳು ಈಜುತ್ತವೆ. ನದಿ ಏರಿದಾಗ ನೆಲದ ಹಲಗೆಯ ಸಂದಿಯಲ್ಲಿ ಮೀನು ಕಾಣುತ್ತದಂತೆ, ಮಕ್ಕಳು ಕೂತಲ್ಲಿಂದಲೇ ಗಾಳ ಹಾಕುತ್ತಾರಂತೆ. ತರಕಾರಿಯ ದೋಣಿ ಬಂದು ಮೆಟ್ಟಿಲ ಹತ್ತಿರ ನಿಂತಿತು. ಅಜ್ಜಿ ನನ್ನನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬದನೆಕಾಯಿ ಆರಿಸಿದರು. ಕಿಟಕಿಯಿಲ್ಲದ ಸಿಮೆಂಟಿನ ಮೂರಂತಸ್ತಿನ ಕಟ್ಟಡ ಕಂಡಿತು. ಹಕ್ಕಿಗಳ ಮನೆ. ಒಳಗೆ ಹಕ್ಕಿಯ ಕೂಗನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಹಕ್ಕಿಗಳು ನಂಬಿ ಬಂದು ಗೂಡು ಕಟ್ಟುತ್ತವೆ. ಜೊಲ್ಲಿನಿಂದ ಕಟ್ಟಿದ ಆ ಗೂಡನ್ನು ಕಿತ್ತು ಸೂಪಿಗೆ ಮಾರುತ್ತಾರೆ. ನನ್ನ ಒಂದು ಪುಟದ ಕಣ್ಣೀರು ಆ ಸೂಪಿಗೆ ಹೋಯಿತು. ಕೊನೆಗೆ ಅಜ್ಜಿ ಬಾಗಿಲ ಬಳಿ ಒಂದು ಚಾಪೆ ತೋರಿಸಿದರು. ನೀನು ಕೂತದ್ದು ಇಲ್ಲೇ ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದೇನೆ, ಈಗ ಬಂದು ಕೂರು, ನನ್ನನ್ನು ಸುಳ್ಳಿ ಮಾಡಬೇಡ ಅಂದರು. ಹೂಂ ಅಂದೆ. ಜೀವನದಲ್ಲಿ ಮೊದಲ ಸಲ ಯೋಚನೆ ಮಾಡಿ ಅಂದ ಹೂಂ ಅದು. ಡಿಸೆಂಬರಿಗೆ ರಜೆ ಅಪ್ಲೈ ಮಾಡಿದ್ದೇನೆ, ನೂರ್ ಕೂಡ ಮಾಡಿದ್ದಾಳೆ.

ತಿದ್ದುಪಡಿ ಹಾಕಿ ಅಂತ ಪದ್ಮಾ ಆಂಟಿಯನ್ನು ಕೇಳಿದೆ. “ಯಾಕಮ್ಮಾ, ಎಲ್ರಿಗೂ ಆ ಎತ್ತಿನ ಗಾಡಿ ಇಷ್ಟ ಆಗಿದೆ” ಅಂದರು. ಅದಕ್ಕೇ ಇಷ್ಟುದ್ದ ಬರೆದದ್ದು. ಪಟ್ಟಿಗಳನ್ನು ಎರಡು ಸಲ ಒಗೆದು, ಒಣಗಿಸಿ, ನೂರ್‌ಳ ಕಣ್ಣೆದುರೇ ಪೋಸ್ಟ್ ಮಾಡಿದೆ. ಎಲ್ಲವನ್ನೂ ಒಪ್ಪಿಕೊಂಡಿದ್ದೆ. ನಮ್ಮನೆಯವರ ಮೊಣಕಾಲಿನ ವಿಷಯ ಒಂದನ್ನು ಬಿಟ್ಟು. ಅದನ್ನು ಹೇಳಲು ಬಾಯಿಯೇ ಬರಲಿಲ್ಲ.

ಮೊನ್ನೆ ನೂರ್ ಖುಷಿಯಿಂದ ಬಂದಳು. “ಪಟ್ಟಿ ತಲುಪಿತು. ಅಮ್ಮ ಹಾಕಿಕೊಂಡು ಮೆಟ್ಟಿಲು ಇಳಿದಳಂತೆ. ಸ್ವಲ್ಪ ಸಡಿಲ, ಜಾರುತ್ತೆ ಅಂದಳು. ನಾನು ಅಳತೆ ಸರಿಯಾಗೇ ತಗೊಂಡಿದ್ದೆ, ಹೊಸದರಲ್ಲೇ ಹೀಗೆ ಹಿಗ್ಗಿರುತ್ತಾ ವಸುಧಾ?”

ನನ್ನ ಹುಳಿ ಮೈಕ್ರೋವೇವಿನಲ್ಲಿ ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತಾ, “ಹೂಂ” ಅಂದೆ.